ಉಸಿರಿನ ಯಂತ್ರ ಕಳೆದುಹೋದ ವಾರ

ಆ ಮಧ್ಯಾಹ್ನ ತನ್ನ ಟೈಲರಿಂಗ್ ಅಂಗಡಿಯ ಬೆಂಚಿನ ಮೇಲೆ ಪರದೇಶದವನೊಬ್ಬ ಸತ್ತೇ ಹೋದನೆಂದು ಚೆನ್ನಬಸಮ್ಮನ ಜೀವ ಬಾಯಿಗೆ ಬಂತು.

ಪ್ಯಾಂಟಿನ ಅಳತೆ ಕೊಡಲು ಬಂದವನು ಅಲ್ಲೇ ಒರಗಿ ನಿದ್ದೆ ಹೋಗಿದ್ದ. ಗೊರಕೆಯೆಂದರೆ ಅದೆಂಥ ಗೊರಕೆ! ಓಣಿಯ ಕೊನೆಯ ಅಕ್ಕಿ ಗಿರಣಿಯೂ ನಾಚಬೇಕು. ಆಕೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿರುವಾಗಲೇ ಗೊರಕೆ ಗಕ್ಕನೆ ನಿಂತಿತು. ಎದೆ ಏಳಲಿಲ್ಲ, ಇಳಿಯಲಿಲ್ಲ.

“ರೀ! ಸಾಹೇಬ್ರ!”

ಊಹೂಂ. ಪ್ಯಾಂಟಿನ ಬಟ್ಟೆಗೆ ಚುಚ್ಚಿದ್ದ ಚೀಟಿಯಲ್ಲಿ ಹೆಸರು ನೋಡಿ ಕಿರುಚಿದಳು. “ನರ್ಸಿಮುಲೂ!”

ಆತ ಬಾವಿಯಿಂದ ಮೇಲೆದ್ದವನಂತೆ ಉಸಿರೆಳೆದುಕೊಂಡು ಕಣ್ಣು ಬಿಟ್ಟ. “ಪ್ಯಾಂಟ್ ಆಯ್ತೇನ್ರಿ?”

“ಪ್ಯಾಂಟಿನ ಮನಿ ಹಾಳಾಗ! ನೀವು ಸತ್ತ್ರಿ ಅಂತ ತಿಳಕೊಂಡಿದ್ದೆ!”

ನರ್ಸಿಮುಲು ಮಾರಿಷಸ್ಸಿನವನು. ಮುತ್ತಾತ ಕಬ್ಬಿನ ಕೂಲಿಗೆಂದು ಹಡಗು ಹತ್ತಿದ ತೆಲುಗಿನವನು. ಮೊಮ್ಮಗನ ಮಗ ಸಕ್ಕರೆ ಕಾರ್ಖಾನೆಯ ಎಂಜಿನಿಯರ್. ಕಾಲುವೆ ನೀರಿಗೆ ಕಬ್ಬು ಸೊಕ್ಕಿ ಬೆಳೆಯುವ ಈ ಸೀಮೆಗೆ ಯಂತ್ರ ಕೂರಿಸಲು ಬಂದು ಇದು ಮೂರನೇ ವರ್ಷ. ಕೂಲಿಗಳಿಂದ ಕನ್ನಡ ಕಲಿತಿದ್ದ. ವಯಸ್ಸು ನಲವತ್ತಾರು, ಮದುವೆಯಿಲ್ಲ.

“ನಿದ್ದಿಯೊಳಗ ನನ್ನ ಉಸಿರು ನಿಲ್ತದ್ರಿ,” ಎಂದ ಸಂಕೋಚದಿಂದ. “ಅದಕ್ಕ ಒಂದು ಯಂತ್ರ ಐತಿ. ಮೂಗಿಗೆ ಮಾಸ್ಕ್, ಒಂದು ಪೈಪು. ರಾತ್ರಿಯೆಲ್ಲಾ ಗಾಳಿ ಊದ್ತದ. ಬಳ್ಳಾರಿಯಿಂದ ಬರುವಾಗ ಬಸ್ಸಿನ ಮ್ಯಾಲೆ ಇಟ್ಟಿದ್ದೆ. ಇಳಿದು ನೋಡಿದ್ರ ಪೆಟ್ಟಿಗೀನ ಇಲ್ಲ.”

ಹೊಸದು ತರಿಸಲು ತಿಂಗಳಾಗುತ್ತದೆ. ನಿದ್ದೆಗೆಟ್ಟು, ಕಬ್ಬು ಅರೆಯುವ ರೋಲರಿನ ಪಕ್ಕದಲ್ಲೇ ಒಮ್ಮೆ ತೂಕಡಿಸಿ ಬಿದ್ದಿದ್ದನಂತೆ. ಶುಕ್ರವಾರದೊಳಗೆ ಯಂತ್ರ ಸಿಗದಿದ್ದರೆ ಊರಿಗೆ ವಾಪಸ್, ಮತ್ತೆ ಈ ಕಡೆ ಬರುವುದಿಲ್ಲ ಎಂದ.

ಚೆನ್ನಬಸಮ್ಮ ಗಂಡನನ್ನು ಕಳೆದುಕೊಂಡು ಎಂಟು ವರ್ಷ. ತಾನಾಯಿತು, ತನ್ನ ಹೊಲಿಗೆಯಾಯಿತು ಎಂದು ಇದ್ದವಳು. ಅವತ್ತು ಆಕೆಯ ಬಾಯಿಂದ ಮಾತು ತಾನಾಗಿಯೇ ಬಂತು. “ಮಧ್ಯಾಹ್ನ ಇಲ್ಲೇ ಬಂದು ಮಲಗ್ರಿ. ನಾ ಹೆಂಗೂ ಎಚ್ಚರ ಇರ್ತೀನಿ.”

ಅಂಗಾತ ಮಲಗಬೇಡಿ ಎಂದು ಡಾಕ್ಟರು ಹೇಳಿದ್ದರು. ಆಕೆ ಅವನ ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು, ಒಳಗೆ ಎರಡು ಲಿಂಬೆಹಣ್ಣು ಇಟ್ಟು ಕೊಟ್ಟಳು. ಅಂಗಾತ ಆದ ಕೂಡಲೇ ಒತ್ತಿ ಮಗ್ಗುಲಾಗಲಿ ಎಂದು.

ಮರುದಿನ ಆತ ಘಮಘಮ ಎನ್ನುತ್ತಾ ಬಂದ. “ಲಿಂಬಿಹಣ್ಣು ಶರಬತ್ತಾತು.”

“ಎಷ್ಟು ಭಾರ ಅದೀರಿ ನೀವು!” ಎಂದು ಕಣ್ಣು ಅರಳಿಸಿ ನಕ್ಕಳು. ಲಿಂಬೆಯ ಬದಲು ದಾರ ಮುಗಿದ ಮರದ ರೀಲುಗಳನ್ನು ಇಟ್ಟಳು. ಜೇಬಿನ ಬಾಯಿ ಹೊಲಿಯುವಾಗ ಆತ ಆಕೆಯ ಬೆರಳುಗಳನ್ನೇ ನೋಡುತ್ತಿದ್ದುದು ಗೊತ್ತಾಗಿ ದಾರ ಎರಡು ಸಲ ತಪ್ಪಿತು.

ದಿನಾ ಎರಡು ತಾಸು. ಗೊರಕೆ ನಡೆದಷ್ಟು ಹೊತ್ತು ಆಕೆ ನೆಮ್ಮದಿಯಾಗಿ ಪೆಡಲ್ ತುಳಿಯುವಳು. ನಿಂತರೆ ಕಾಲೂ ನಿಲ್ಲುವುದು. ಐದು ಎಣಿಸಿ, ಮೆಲ್ಲಗೆ, “ನರ್ಸಿಮುಲು…” ಎನ್ನುವಳು. ಉಳಿದ ಹೊತ್ತೆಲ್ಲ ಸಾಹೇಬರೇ. ಆದರೆ ನಿದ್ದೆಯಲ್ಲಿ ಆತ ಓಗೊಡುವುದು ಹೆಸರಿಗೆ ಮಾತ್ರ. ಉಸಿರು ಮತ್ತೆ ಶುರುವಾದಾಗ ಆಕೆಗೆ ಆಗುತ್ತಿದ್ದ ಸಂತೋಷ ಇದೆಯಲ್ಲ, ಅದಕ್ಕೆ ಹೆಸರಿಡಲು ಆಕೆ ಹೆದರುತ್ತಿದ್ದಳು.

ಗುರುವಾರ ಆತ ಟಿಕೆಟ್ಟಿಗೆಂದು ಸ್ಟೇಷನ್ನಿಗೆ ಹೋದ. ಆಗ ಬಂದ ನೋಡಿ ಕಂಪ್ಲಿಯ ಎರ್ರಿಯಪ್ಪ ಎಂಬ ರೈತ. ಬಗಲಲ್ಲಿ ಒಂದು ಪೆಟ್ಟಿಗೆ.

“ಯವ್ವಾ, ಪರದೇಶದ ಎಂಜಿನಿಯರ್ರು ಇಲ್ಲಿ ಮಲಗ್ತಾರಂತಲ್ಲ? ಬಸ್ಸಿನ ಮ್ಯಾಲೆ ಗದ್ದಿ ಹುಳಕ್ಕ ಎಣ್ಣಿ ಹೊಡಿಯೋ ಪಂಪು ಹಾಕಿ ಕಳಿಸ್ತೀನಿ ಅಂದಿದ್ದ ನಮ್ಮ ಭಾವ. ಬಸ್ಸು ನಿಂತಾಗ ಇದನ್ನ ಇಳಿಸಿಕೊಂಡೆ. ಪೈಪು ಐತಿ, ಮುಖಕ್ಕ ಮಾಸ್ಕ್ ಐತಿ, ಪಂಪಲ್ಲದೆ ಮತ್ತೇನು ಅಂತೀನಿ? ಎಣ್ಣಿ ಹಾಕೋ ತೂತ ಇಲ್ಲ! ಕರೆಂಟ್ ಕೊಟ್ರ ಬರೇ ಗಾಳಿ. ಗಾಳಿಗೆ ಹುಳ ಸಾಯ್ತಾವೇನು? ನಿನ್ನೆ ನಮ್ಮ ಪಂಪು ಬಂದಮ್ಯಾಲೆ ಗೊತ್ತಾತು, ಇದು ಇವರದಂತ ಬಸ್ಸಿನ ಕಂಡಕ್ಟರ್ ಹೇಳಿದ. ತಪ್ಪಾತ್ರೀ ಯವ್ವಾ.”

ರೈತ ಹೋದ ಮೇಲೆ ಚೆನ್ನಬಸಮ್ಮ ಪೆಟ್ಟಿಗೆಯನ್ನು ನೋಡುತ್ತ ನಿಂತಳು. ಕುಣಿದಾಡಬೇಕಿತ್ತು. ಆದರೆ ಇದು ಸಿಕ್ಕರೆ ನರ್ಸಿಮುಲುವಿಗೆ ಈ ಬೆಂಚು ಏಕೆ? ತಾನು ಏಕೆ? ಅದನ್ನು ಬಟ್ಟೆಯ ಗಂಟುಗಳ ಹಿಂದೆ ನೂಕಿ, ಮೇಲೊಂದು ಲಂಗದ ಬಟ್ಟೆ ಎಳೆದು, ಕಳ್ಳಿಯ ಹಾಗೆ ಕುಳಿತುಬಿಟ್ಟಳು.

ಒಂದು ತಾಸಿನ ನಂತರ ನರ್ಸಿಮುಲು ಬಂದ. ಕಣ್ಣು ಕೆಂಪಗಾಗಿದ್ದವು. “ಟಿಕೆಟ್ ಆತ್ರಿ. ನಾಳೆ,” ಎಂದು ಬೆಂಚಿಗೆ ಒರಗಿದ. ನೋಡನೋಡುತ್ತಿದ್ದಂತೆ ನಿದ್ದೆ, ಗೊರಕೆ, ಆಮೇಲೆ ಆ ಮೌನ.

“ನರ್ಸಿಮುಲು.” ಇಲ್ಲ. “ನರ್ಸಿಮುಲೂ!” ಮೂರನೆಯ ಕೂಗಿಗೆ ಉಸಿರು ಬಂತು, ಎಚ್ಚರವೂ ಆಯಿತು. ಆಕೆ ಗಂಟುಗಳನ್ನು ಎಳೆದುಹಾಕಿ ಪೆಟ್ಟಿಗೆಯನ್ನು ತಂದು ಅವನ ಮುಂದಿಟ್ಟಳು.

“ಆಗಲೇ ಬಂತು. ಒಂದು ತಾಸು ಮುಚ್ಚಿಟ್ಟಿದ್ದೆ. ನಿಮ್ಮ ಜೀವದ ಮಾತು ಅಂತ ಗೊತ್ತಿದ್ದೂ ಮುಚ್ಚಿಟ್ಟೆ, ಪಾಪಿ ನಾನು.”

“ಯಾಕ್ರಿ?”

“ಇದು ಸಿಗದಿದ್ರ ನೀವು ಊರಿಗೆ ಹೋಗ್ತೀರಿ. ಸಿಕ್ರ ನಮ್ಮ ಬೆಂಚಿಗೆ ಬರಂಗಿಲ್ಲ. ಎರಡೂ ನನಗ ಬ್ಯಾಡಾಗಿತ್ತು.” ಹೇಳಿಬಿಟ್ಟಳು. ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆತ ಪೆಟ್ಟಿಗೆಯನ್ನು ಮುಟ್ಟಲಿಲ್ಲ. “ಇದು ಗಾಳಿ ಊದ್ತದ, ಅಷ್ಟ. ಇಷ್ಟು ವರ್ಷ ನನ್ನ ಉಸಿರು ನಿಂತ್ರ ಯಾರ ಜೀವಾನೂ ಬಾಯಿಗೆ ಬಂದಿದ್ದಿಲ್ಲ. ನಿಮ್ಮದು ಬಂತು. ಟಿಕೆಟ್ ಹರಿದು ಹಾಕ್ತೀನಿ. ನನ್ನ ಮದುವಿ ಆಗ್ತೀರೇನು?”

ಚೆನ್ನಬಸಮ್ಮ ಮುಖದಿಂದ ಸೆರಗು ತೆಗೆದಳು.

“ಹಂಗಾದ್ರ ಇನ್ನ ನಿಮ್ಮ ಹೆಸರು ಹಿಡಿಯಂಗಿಲ್ಲ ನಾ.”

ಗಂಡನ ಹೆಸರು ಹೇಳುವ ಹೆಂಗಸನ್ನು ಆತ ಈ ಸೀಮೆಯಲ್ಲಿ ಒಬ್ಬಳನ್ನೂ ಕಂಡಿರಲಿಲ್ಲ. ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆದಾಗ ಮುಖವೆಲ್ಲ ನಗು.

“ಕರೆಂಟ್ ಹೋದ್ರ ಹೆಂಗ ಎಬ್ಬಿಸ್ತೀರಿ ಮತ್ತ?”

“ಹಿಂಗ,” ಎಂದು ಆಕೆ ಅವನ ಎದೆಯ ಮೇಲೆ ಅಂಗೈ ಇಟ್ಟಳು. ಅಂಗಡಿಯ ಬಾಗಿಲು ತೆರೆದೇ ಇತ್ತು. ಎದುರು ಮನೆಯ ಶಾಂತಕ್ಕ ಮೊರ ಹಿಡಿದು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದಳು. ನೋಡಿದರೆ ನೋಡಲಿ ಎಂದು ಚೆನ್ನಬಸಮ್ಮ ಕೈ ತೆಗೆಯಲಿಲ್ಲ.