ಅರಸನ ವ್ಯಾಧಿ, ಅರಸಿಯ ವಿಚಾರಣೆ

ಹೇಮಗುಂದದ ಕೋಟೆಯ ಮೇಲೆ ಬಿಸಿಲು ಏರುವ ಮೊದಲೇ ರಾಜಬೀದಿ ಕಿಕ್ಕಿರಿದಿತ್ತು. ನದಿಯಲ್ಲಿ ಮಿಂದ ಪಟ್ಟದಾನೆಗಳು ಒದ್ದೆ ಮೈಯಲ್ಲೇ ಗಜಶಾಲೆಗೆ ಮರಳುತ್ತಿದ್ದವು; ಮುತ್ತಿನ ವರ್ತಕರು, ಪಟ್ಟೆಯ ನೇಕಾರರು, ಹೂವಾಡಗಿತ್ತಿಯರು ಅಂಗಡಿ ತೆರೆಯದೆ ಅರಮನೆಯತ್ತ ನಡೆದಿದ್ದರು. ಪಟ್ಟದರಸಿ ಜಕ್ಕಲದೇವಿ ಗಂಡನಿಗೆ ಮದ್ದಿಕ್ಕಿ ಅವನ ಪುರುಷತ್ವವನ್ನು ಕೆಡಿಸಿದಳೆಂಬ ಆರೋಪದ ವಿಚಾರಣೆ ಆ ದಿನ ತುಂಬಿದ ಸಭೆಯಲ್ಲಿ ನಡೆಯುವುದಿತ್ತು.

ಆ ಸಂದಣಿಯನ್ನು ಸೀಳಿಕೊಂಡು ರಾಜವೈದ್ಯ ಕೇತಯ್ಯ ಬಿರಬಿರನೆ ನಡೆಯುತ್ತಿದ್ದ. ‘ಮಾಟಗಾತಿ’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಹಲ್ಲು ಕಡಿಯುತ್ತಿದ್ದ. ನಿಜ ಬಲ್ಲವರು ಮೂವರೇ. ಅರಸ ಮಲ್ಲಿದೇವ ನಾಚಿಕೆಯಿಂದ ಬಾಯಿ ಬಿಡಲೊಲ್ಲ. ಅರಸಿ ಗಂಡನಿಗೆ ಕೊಟ್ಟ ಮಾತಿಗಾಗಿ ಬಾಯಿ ಬಿಡಲೊಲ್ಲಳು. ಕೇತಯ್ಯನೋ, ರೋಗಿಯ ಗುಟ್ಟನ್ನು ಅವನ ಅಪ್ಪಣೆಯಿಲ್ಲದೆ ಹೊರಗೆಡಹೆನೆಂದು ಗುರುವಿನ ಮುಂದೆ ಆಣೆಯಿಟ್ಟವನು. ಈ ಮೌನವೇ ಮಹಾಪ್ರಧಾನ ಕಾಟರಸನಿಗೆ ಒದಗಿದ ಆಯುಧವಾಗಿತ್ತು. ಅರಸ ಅಂತಃಪುರಕ್ಕೆ ಕಾಲಿಡದೆ ತಿಂಗಳುಗಳಾದುವೆಂದು ದಾಸಿಯರಿಂದ ತಿಳಿದ ಅವನು ಮದ್ದಿನ ಕತೆ ಕಟ್ಟಿದ್ದ. ಜಕ್ಕಲದೇವಿಯನ್ನು ಗಡಿಪಾರು ಮಾಡಿಸಿ ತನ್ನ ಮಗಳನ್ನು ಪಟ್ಟಕ್ಕೇರಿಸುವುದು ಅವನ ಹಂಚಿಕೆ.

ಅರಮನೆಯ ಒಳಕೋಣೆಯಲ್ಲಿ ಅರಸ ಆಭರಣ ತೊಟ್ಟು ಒಬ್ಬನೇ ಕುಳಿತಿದ್ದ.

“ಪ್ರಭುಗಳು ಇಂದಾದರೂ ಮಾತಾಡಬೇಕು,” ಎಂದ ಕೇತಯ್ಯ.

“ಏನೆಂದು ಮಾತಾಡಲಿ? ನನ್ನ ಗುಹ್ಯಾಂಗ ಡೊಂಕಾಗಿದೆಯೆಂದು ಸಾಮಂತರ ಮುಂದೆ ಸಾರಲೆ? ಇದು ಯಾವ ಪಾಪದ ಫಲವೋ!”

“ಪಾಪವಲ್ಲ, ಗಾಯ!” ಕೇತಯ್ಯನ ದನಿ ಏರಿತು. “ಎಷ್ಟು ಸಲ ಬಿನ್ನವಿಸಲಿ? ಎಂದೋ ಬಿದ್ದ ಒಳಪೆಟ್ಟು ಮಾಯುವಾಗ ಅಂಗದ ಒಳಪೊರೆಯಲ್ಲಿ ಗಟ್ಟಿ ಕಲೆ ಕಟ್ಟಿರಬೇಕು. ಅಂಗ ಸೆಟೆಯುವಾಗ ಉಳಿದ ಪೊರೆ ಹಿಗ್ಗುತ್ತದೆ, ಕಲೆಯಿರುವ ಕಡೆ ಹಿಗ್ಗದು. ಅದಕ್ಕೇ ಅತ್ತ ಬಾಗುತ್ತದೆ. ಬೆರಳಿಗೆ ಸಿಗುವ ಆ ಗಂಟು ಪ್ರಾಣ ತೆಗೆಯುವ ಹುಣ್ಣಲ್ಲ. ಮೊದಲಿನ ನೋವು ಈಗ ಇಳಿದಿದೆ. ಡೊಂಕು ಪೂರ್ತಿ ಹೋಗುತ್ತದೆಂದು ಸುಳ್ಳು ಹೇಳಲಾರೆ. ಆದರೆ ಬೀಜಕ್ಕೆ ಕುಂದಿಲ್ಲ. ತೀರಿಹೋದ ನಿಮ್ಮ ತಂದೆ ದೊಡ್ಡಪ್ರಭುಗಳ ಉಂಗುರದ ಬೆರಳು ಅಂಗೈಗೆ ಮಡಚಿಕೊಂಡೇ ಇರುತ್ತಿರಲಿಲ್ಲವೆ? ಅದೂ ಇಂಥದೇ ಗಂಟು. ಅದನ್ನು ಯಾರೂ ಪಾಪವೆನ್ನಲಿಲ್ಲ. ನಿಮ್ಮ ತಾಯಿ ಮದ್ದಿಕ್ಕಿದರೆಂದೂ ಹೇಳಲಿಲ್ಲ.”

“ಕೈಯ ಮಾತು ಬೇರೆ, ಪಂಡಿತರೆ. ಇದಕ್ಕೆ ಜನ ನಗುತ್ತಾರೆ.”

“ನಗಲಿ! ಆ ನಗುವಿನ ಹೆದರಿಕೆಗೆ ಒಬ್ಬ ಹೆಂಗಸನ್ನು ಕಾಡಿಗಟ್ಟುತ್ತೀರಾ?”

ಅರಸನ ಮುಖ ಕೆಂಪೇರಿತು. “ಹೊರಗೆ ನಡೆಯಿರಿ,” ಎಂದ.

ಸಭೆಯ ನಡುವೆ ಜಕ್ಕಲದೇವಿ ಒಂದು ಒಡವೆಯೂ ಇಲ್ಲದೆ ನೆಟ್ಟಗೆ ನಿಂತಿದ್ದಳು. ಸಿಂಹಾಸನದತ್ತ ಒಮ್ಮೆಯೂ ನೋಡಲಿಲ್ಲ.

ಕಾಟರಸ ವೈದ್ಯನನ್ನು ಕೇಳಿದ: “ಪ್ರಭುಗಳ ವ್ಯಾಧಿ ಮದ್ದಿನಿಂದ ಬಂದದ್ದಲ್ಲವೆ?”

“ಅಲ್ಲ.”

“ಹಾಗಾದರೆ ವ್ಯಾಧಿ ಯಾವುದು?”

“ಅದನ್ನು ಹೇಳುವ ಹಕ್ಕು ನನ್ನದಲ್ಲ.”

“ಹೇಳದಿದ್ದರೆ ನೀವೂ ಈ ದ್ರೋಹದ ಪಾಲುದಾರರು. ತಲೆ ಉಳಿಯದು.”

“ತಲೆ ಬೇಕಾದರೆ ತೆಗೆದುಕೊಳ್ಳಿ. ಗುಟ್ಟು ಸಿಗದು.” ಹೀಗೆಂದ ಕೇತಯ್ಯ ನೋಡಿದ್ದು ಕಾಟರಸನನ್ನಲ್ಲ, ಅರಸನನ್ನು. ಆ ನೋಟದಲ್ಲಿ ಬೇಡಿಕೆಯಿರಲಿಲ್ಲ, ಬರಿಯ ಸಿಟ್ಟಿತ್ತು. ಭಟರು ಅವನ ತೋಳು ಹಿಡಿದರು.

“ಪಂಡಿತರನ್ನು ಬಿಡಿ,” ಎಂದಳು ಅರಸಿ. “ಆರೋಪ ನನ್ನ ಮೇಲಿನದು. ನಾನು ಹೊರಡುತ್ತೇನೆ.”

“ನಿಲ್ಲಿ!” ಮಲ್ಲಿದೇವ ಎದ್ದು ನಿಂತಿದ್ದ. “ಬಾಗಿರುವುದು ನನ್ನ ಗುಹ್ಯಾಂಗ. ಅದು ವ್ಯಾಧಿ, ಮದ್ದೂ ಅಲ್ಲ, ಮಾಟವೂ ಅಲ್ಲ. ಎಲ್ಲ ಬಲ್ಲ ಮಹಾರಾಣಿ ನನ್ನ ಮಾನಕ್ಕಾಗಿ ಸುಮ್ಮನಿದ್ದಳು. ನಾನು ಅದೇ ಮಾನಕ್ಕಾಗಿ ಅವಳನ್ನು ಇಲ್ಲಿ ನಿಲ್ಲಿಸಿದೆ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಜತೆಗೂಡುವವರಿಲ್ಲದೆ ಆ ನಗು ಅಲ್ಲೇ ಸತ್ತಿತು. ಅರಸನ ಅಪ್ಪಣೆಯಂತೆ ಕಾಟರಸನ ಬೆರಳಿನಿಂದ ಪ್ರಧಾನಪದವಿಯ ಮುದ್ರೆಯುಂಗುರವನ್ನು ಕಳಚಲಾಯಿತು.

ಜಕ್ಕಲದೇವಿ ಆಗ ಮೊದಲ ಬಾರಿಗೆ ಗಂಡನನ್ನು ನೋಡಿದಳು. “ಇಷ್ಟು ಮಾತಿಗೆ ನನ್ನನ್ನು ಇಲ್ಲಿಯವರೆಗೆ ಎಳೆಸಬೇಕಿತ್ತೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟಳು. ಅರಸ ಮೆಟ್ಟಿಲಿಳಿದು, ಸಭಿಕರೆಲ್ಲ ನೋಡುತ್ತಿರುವಂತೆಯೇ ಅವಳ ಹಿಂದೆ ಹೋದ. ಅವಳು ನಡಿಗೆಯನ್ನು ನಿಧಾನಿಸಲಿಲ್ಲ.

ಮರುದಿನ ಬೆಳಿಗ್ಗೆಯೂ ಕೇತಯ್ಯನ ಸಿಟ್ಟು ಇಳಿದಿರಲಿಲ್ಲ. ಬೇರು ಕುಟ್ಟುತ್ತ ಕುಳಿತಿದ್ದವನ ಅಂಗಳಕ್ಕೆ ನರೆಮೀಸೆಯ ಕುದುರೆ ಸವಾರನೊಬ್ಬ ಬಂದು, ಕಂಬಕ್ಕೊರಗಿ ನಿಂತ. ಎಷ್ಟೋ ಯುದ್ಧ ಕಂಡ ಮೈ. ಕಣ್ಣು ಮಾತ್ರ ನೆಲ ಬಿಟ್ಟು ಏಳಲಿಲ್ಲ.

“ಪಂಡಿತರೆ... ಅರಸರು ನಿನ್ನೆ ಹೇಳಿದರಲ್ಲ, ಆ ವ್ಯಾಧಿ. ನನಗೂ ಇದೆ. ಹೆಂಡತಿಯನ್ನು ತೌರಿಗೆ ಕಳಿಸಿಬಿಟ್ಟೆ.”

ಇಷ್ಟು ಕಾಲ ಎಲ್ಲಿದ್ದೆಯಯ್ಯಾ ಎಂಬ ಗದರಿಕೆ ಕೇತಯ್ಯನ ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ಒರಳನ್ನು ಪಕ್ಕಕ್ಕೆ ಸರಿಸಿ, ಚಾಪೆ ಹಾಸಿದ.

“ಕೂತುಕೋ. ನೋವು ಇನ್ನೂ ಇದೆಯೆ?”