ಹದ್ದಿನ ಗೂಡಿನ ಕೆಂಪು ಚೀಲ

ಮುನವಳ್ಳಿಯ ದೊಡ್ಡ ಬೇವಿನ ಮರದ ಕೆಳಗೆ ರಾಯವ್ವ ಸೆರಗೊಡ್ಡಿ ಕುಳಿತಿದ್ದಳು. ಮೇಲೆ ಹದ್ದಿನ ಗೂಡು.

“ಸರ ಒಗದ ಬಿಡ ನಮ್ಮವ್ವಾ! ನಾಳೆ ನನ್ನ ಮಗಳ ಮದುವಿ ಐತಿ.”

ಪತ್ತಾರನಿಗೆ ತೊಳೆಯಲು ಕೊಟ್ಟಿದ್ದ ಬಂಗಾರದ ಗುಂಡಿನ ಸರ. ಮಾಳಿಗೆಯ ಮೇಲೆ ಒಣಗಲು ಇಟ್ಟಾಗ ಹದ್ದು ಚೀಲದ ಸಮೇತ ಹೊತ್ತೊಯ್ಯಿತಂತೆ. ಹೇಳಿದವನು ಊರಿಗೆಲ್ಲ ಒಡವೆ ಮಾಡಿಕೊಡುವ ಆ ಪತ್ತಾರ ಸದಾಶಿವ. ಊರೆಲ್ಲ ನಂಬಿತು. ಇಲ್ಲಿ ಮಾಳಿಗೆಯ ಮೇಲಿಂದ ಏನು ಕಾಣೆಯಾದರೂ ಹದ್ದಿನ ಹೆಸರಿಗೇ ಬರೆದುಬಿಡುತ್ತಾರೆ.

ಆಗ ನಾನು ಬಂದೆ. ನಾನೆಂದರೆ ಲೈನ್‌ಮನ್ ಕಾಂತೇಶ. ರಾಮದುರ್ಗದಿಂದ ಬೈಲಹೊಂಗಲದವರೆಗೆ ನಾನು ಏರದ ಕಂಬವಿಲ್ಲ. ಸಿಡಿಲು ಕೂಡ ನನ್ನನ್ನು ಕೇಳಿಯೇ ಬೀಳುತ್ತದೆ.

“ಯಪ್ಪಾ ಕಾಂತೇಶ, ಸರ ಇಲ್ಲಂದ್ರ ಬೀಗರು ಹೊಳ್ಳಿ ಹೋಗ್ತಾರೋ. ಮಗಳು ಭಾಗ್ಯಾನ ಮಾರಿ ಹೆಂಗ ನೋಡ್ಲಿ?”

ಏರಿದೆ. ಮರ ಎಷ್ಟು ಎತ್ತರವೆಂದರೆ ಅರ್ಧದಾರಿಯಲ್ಲಿ ಬುತ್ತಿ ಬಿಚ್ಚಬೇಕಿತ್ತು. ಹದ್ದು ಎರಗಿ ನೆತ್ತಿ ಪರಚಿತು.

ಗೂಡಿನಲ್ಲಿ ಎರಡು ಮರಿ. ಸುತ್ತ ಬಿಳಿ ಪ್ಲಾಸ್ಟಿಕ್ಕು, ಬಿಳಿ ಚಿಂದಿ. ನಡುವೆ ಪತ್ತಾರನ ಅಂಗಡಿಯ ಕೆಂಪು ಚೀಲ. ಖಾಲಿ.

“ಸಿಕ್ತೇನೋ?”

“ಬರೇ ಚೀಲ, ಯಕ್ಕಾ.”

ರಾಯವ್ವ ಮರದ ಬುಡ ತಬ್ಬಿಕೊಂಡು ಕುಸಿದಳು.

* * *

ಆಕೆಯನ್ನು ಕರೆದುಕೊಂಡು ಅಂಗಡಿಗೆ ಹೋದೆ. ಕಲ್ಲು ಕರಗುವ ಬಿಸಿಲು. ಒಳಗೆ ಕುಳಿತಿದ್ದರೂ ಸದಾಶಿವನ ತಲೆಯ ಮೇಲೆ ಟೊಪ್ಪಿಗೆ.

“ನಾ ಹೇಳಿದ್ದಿಲ್ಲೇನು? ಗೂಡ ಸಿಂಗಾರ ಮಾಡಾಕ ಒಯ್ದೈತಿ. ಸರ ದಾರ್ಯಾಗ ಎಲ್ಲೆರ ಬಿತ್ತು.”

“ಸಿಂಗಾರ ಅಲ್ರಿ, ಸವಾಲು. ಬಿಳೇದು ದೂರದಿಂದ ಕಾಣತೈತಿ. ‘ಇಲ್ಲಿ ಗಟ್ಟಿ ಜೋಡಿ ಐತಿ, ಬಂದ್ರ ಬಡಿತೇವಿ’ ಅಂತ ಉಳಿದ ಹದ್ದಿಗೆ ಹೇಳೂದು. ಬಲ ಇಲ್ಲದ್ದು ಹಚ್ಚೂದ ಇಲ್ಲ; ಹಚ್ಚಿದ್ರ ಬ್ಯಾರೇವು ಬಂದು ಜಗಳ ತಗೀತಾವು. ಕಂಬದ ಮ್ಯಾಲಿನ ಹತ್ತು ಲಕ್ಷ ಗೂಡು ನೋಡೇನಿ. ಕೆಂಪು ಹಚ್ಚಿದ್ದು ಒಂದೂ ಇಲ್ಲ.”

“ಹಂಗಾರ ಚೀಲ ಯಾರ ಇಟ್ರು?” ರಾಯವ್ವ ಕೇಳಿದಳು.

“ಮರ ಏರಿದವ್ರು. ಮರಿ ಇದ್ದ ಹದ್ದು ಏರಿದವ್ರ ನೆತ್ತಿ ಬಿಡೂದಿಲ್ಲ. ಪತ್ತಾರ್ರ, ಟೊಪ್ಪಿಗಿ ತಗೀರಿ ಸ್ವಲ್ಪ.”

ಅವನು ತೆಗೆಯಲಿಲ್ಲ. ರಾಯವ್ವ ಕಿತ್ತೆಸೆದಳು. ನೆತ್ತಿಯ ಮೇಲೆ ಮೂರು ಹಸಿ ಗೀರು. ನನ್ನವೂ ಮೂರೇ.

“ಸರ ಎಲ್ಲೈತಿ?” ರಾಯವ್ವ ಕೇಳಿದಳು.

ಅವನು ಬಂಗಾರ ಕರಗಿಸುವ ಮೂಸೆಯತ್ತ ಕೈ ತೋರಿಸಿದ. ಅದರ ತಳದಲ್ಲಿ ಬಂಗಾರದ ಒಂದು ಮುದ್ದೆ.

“ನಮ್ಮವ್ವನ ಗುಂಡು...” ಎಂದಳು. ಅಳು ಬರಲಿಲ್ಲ.

“ಪೊಲೀಸರ್ನ ಕರೀಲೇನ ಯಕ್ಕಾ?”

“ನಾಳೆ ಮದುವ್ಯಾಗ ಅಕ್ಕಿಕಾಳು ಬೀಳಲಿ, ಆಮ್ಯಾಲ ಕರಿ. ಇವತ್ತ ಇಂವಾ ಮತ್ತ ಗುಂಡು ಮಾಡ್ಲಿ.”

ಹೊಸ್ತಿಲಿಗೆ ಅಡ್ಡ ಕುಳಿತಳು. ಸದಾಶಿವ ಸುತ್ತಿಗೆ ಎತ್ತಿದ. ಆ ಬಡಿತ ದೂರದ ಸುರೇಬಾನಕ್ಕೂ ಕೇಳಿಸಿತು.