ಆರನೆಯ ಬೋಲ್ಟು

ಟ್ರೇಯಲ್ಲಿ ಐದೇ ಹಳೆಯ ಬೋಲ್ಟುಗಳಿದ್ದವು. ಆರು ಇರಬೇಕಿತ್ತು.

ಅವಳು ಮತ್ತೊಮ್ಮೆ ಎಣಿಸಿದಳು. ಎಣಿಸುವಾಗ ತುಟಿ ಅಲುಗಿಸುವುದು ಅವಳ ಅಭ್ಯಾಸ. ಬೇರೆ ದಿನವಾಗಿದ್ದರೆ ಅವನು ಆ ತುಟಿಗಳನ್ನೇ ನೋಡುತ್ತ ನಿಂತಿರುತ್ತಿದ್ದ. ಈಗ ಅವನ ಕಣ್ಣು ನೆಲ ಬಿಟ್ಟು ಏಳಲಿಲ್ಲ. ಆರನೆಯ ಬೋಲ್ಟು ಅವನ ಪ್ಯಾಂಟಿನ ಜೇಬಿನಲ್ಲಿತ್ತು.

"ವೈರು, ಇನ್ನೊಂದೆಲ್ಲಿ?"

ಅವನು ಆ ಗ್ಯಾರೇಜಿನ ಎಲೆಕ್ಟ್ರಿಷಿಯನ್. ವೈರು ಎಂದು ಹೆಸರಿಟ್ಟವಳು ಅವಳೇ. ಗೇರ್‌ಬಾಕ್ಸ್ ಇಳಿಸಲು ಇನ್ನೊಂದು ಜೊತೆ ಕೈ ಬೇಕಾದಾಗಲೆಲ್ಲ ಅವನಿಗೇ ಕರೆ. ಅವಳನ್ನು ಮಾತ್ರ ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಗ್ಯಾರೇಜಿನ ಯಜಮಾನನಾದ ಅವಳ ಚಿಕ್ಕಪ್ಪನ ಕಣ್ಣು ಮಂಜಾದ ಮೇಲೆ ಗ್ಯಾರೇಜು ನಡೆಯುತ್ತಿದ್ದುದು ಅವಳ ಕೈಯಲ್ಲೇ.

"ಇಲ್ಲೇ ಎಲ್ಲೋ ಬಿದ್ದಿರುತ್ತೆ ಬಿಡು."

"ಎಲ್ಲೋ ಅಂದ್ರೆ? ಗೇರ್‌ಬಾಕ್ಸ್ ಒಳಗೂ ಎಲ್ಲೋ ತಾನೇ?"

ಕಾರಿಗೆ ಹೊಸ ಕ್ಲಚ್ ಹಾಕಿ ಗೇರ್‌ಬಾಕ್ಸ್ ಮತ್ತೆ ಏರಿಸಿಯಾಗಿತ್ತು. ಕ್ಲಚ್ ಕೆಲಸಕ್ಕೆ ಅವಳದೊಂದು ನಿಯಮವಿತ್ತು. ಹೊಸ ಬೋಲ್ಟು, ವಾಷರ್, ಕ್ಲಿಪ್ಪು ಎಷ್ಟು ಒಳಗೆ ಹೋದವೋ ಅಷ್ಟೇ ಹಳೆಯವು ಟ್ರೇಯಲ್ಲಿ ಕಾಣಬೇಕು. ಅಲ್ಲಿಯವರೆಗೆ ಇಂಜಿನ್ ಸ್ಟಾರ್ಟ್ ಮಾಡುವಂತಿಲ್ಲ. ಜಾರಿ ಬಿದ್ದ ಬೋಲ್ಟೊಂದು ಒಳಗೆ ಉಳಿದರೆ ಹೊಸ ಕ್ಲಚ್ ತಿರುಗಿದ ಕೂಡಲೇ ಪುಡಿಪುಡಿ.

ಗೇಟಿನ ಬಳಿ ಸ್ಟೂಲು ಹಾಕಿಕೊಂಡಿದ್ದ ಕಾರಿನ ಮಾಲೀಕ, ಟ್ಯಾಕ್ಸಿ ಅಣ್ಣ, ಅಲ್ಲಿಂದಲೇ ಕೂಗಿದ. "ಆಯ್ತಾ ಮೇಸ್ತ್ರಿ? ಸಂಜೆ ನಮ್ಮ ಅಜ್ಜನ್ನ ಡಯಾಲಿಸಿಸ್‌ಗೆ ಬಿಡ್ಬೇಕು. ಆ ಮನುಷ್ಯ ಬೇರೆ ಗಾಡಿ ಹತ್ತಲ್ಲ."

"ಐದು ನಿಮಿಷ ಅಣ್ಣ."

"ಬೆಳಗ್ಗೆಯಿಂದ ಅದೇ ಐದು ನಿಮಿಷ ಓಡ್ತಿದೆಯಲ್ಲಮ್ಮ!"

ಅವಳು ನಗಲಿಲ್ಲ. ಕಾರಿನ ಕೆಳಗೆ ನುಸುಳಿ, ಉದ್ದನೆಯ ಕಡ್ಡಿಯ ತುದಿಯ ಅಯಸ್ಕಾಂತವನ್ನು ಸಂದಿಗೊಂದಿಗಳಲ್ಲಿ ಆಡಿಸಿದಳು. ಅವನು ಪಕ್ಕದಲ್ಲಿ ಮಲಗಿ ಟಾರ್ಚ್ ಹಿಡಿದ. ಜೇಬಿನಲ್ಲಿರುವುದನ್ನು ಟಾರ್ಚ್ ಹಾಕಿ ಹುಡುಕುವುದು ಎಷ್ಟು ಹೇಸಿಗೆಯ ಕೆಲಸ ಎಂದು ಅವನಿಗೆ ಆಗ ಗೊತ್ತಾಯಿತು.

ಬೆಳಗ್ಗೆ ಆ ಬೋಲ್ಟು ಜಪ್ಪಯ್ಯ ಎಂದರೂ ಅಲುಗಿರಲಿಲ್ಲ. ಪಾನಾ ಜಾರಿ ಅದರ ತಲೆ ಸವೆದಿತ್ತು. ಕೊನೆಗೆ ಉಳಿ ಇಟ್ಟು ಹೊಡೆದು ಬಿಚ್ಚಿದಳು. ಕೆನ್ನೆಯ ತುಂಬ ಕ್ಲಚ್ಚಿನ ಕರಿಪುಡಿ. "ಮೊಂಡ, ಥೇಟ್ ನಿನ್ನ ಹಾಗೇ" ಎಂದು ನಕ್ಕು ಅವನ ಅಂಗೈಗೆ ಹಾಕಿದ್ದಳು. ಬೋಲ್ಟು ಬೆಚ್ಚಗಿತ್ತು. ಅವಳ ಬೆರಳೂ.

ಅದನ್ನು ಟ್ರೇಗೆ ಹಾಕಬೇಕಿತ್ತು. ಹಾಕಲಿಲ್ಲ. ಸೋಮವಾರ ಅವನು ಬೇರೆ ಊರಿನ ಬಸ್ ಡಿಪೋಗೆ ಕೆಲಸಕ್ಕೆ ಸೇರಬೇಕಿತ್ತು, ಅದನ್ನು ಅವಳಿಗೆ ಹೇಳಿರಲಿಲ್ಲ. ಮನಸ್ಸಿನಲ್ಲಿದ್ದದ್ದನ್ನು ಹೇಳುವ ಧೈರ್ಯ ಮೊದಲೇ ಇರಲಿಲ್ಲ. ಹೋದ ವರ್ಷ ಸ್ಪೇರ್ ಪಾರ್ಟ್ಸ್ ಸೇಲ್ಸ್‌ಮನ್ ಒಬ್ಬ ಅವಳಿಗೆ ಕವಿತೆ ಬರೆದುಕೊಟ್ಟಿದ್ದ. ಅವಳು ಗ್ಯಾರೇಜಿಗೆಲ್ಲ ಕೇಳುವಂತೆ ಓದಿ, ಆಮೇಲೆ ಅದೇ ಹಾಳೆಯಲ್ಲಿ ಆಯಿಲ್ ನೋಡುವ ಡಿಪ್‌ಸ್ಟಿಕ್ ಒರೆಸಿದ್ದಳು.

"ಇಳಿಸೋಣ," ಕಾರಿನ ಕೆಳಗಿನಿಂದ ಹೊರಬಂದು ಅವಳೆಂದಳು.

"ಏನನ್ನ?"

"ಗೇರ್‌ಬಾಕ್ಸ್. ಇನ್ನೇನನ್ನ? ಅಣ್ಣಂಗೆ ಬೇರೆ ಗಾಡಿ ನೋಡ್ಕೊಳ್ಳಿ ಅಂತ ಹೇಳ್ತೀನಿ."

"ಮೂರು ಗಂಟೆ ಕೆಲಸ ಮೇಸ್ತ್ರಿ."

"ಹೆದ್ದಾರಿಯಲ್ಲಿ ಪೇಷೆಂಟ್ ಸಮೇತ ಕೆಟ್ಟು ನಿಂತ್ರೆ? ಹುಡುಗಿ ಕೈಗೆ ಗಾಡಿ ಕೊಟ್ಟಿದ್ದಕ್ಕೇ ಹೀಗಾಯ್ತು ಅಂತ ಊರೆಲ್ಲ ಅನ್ನುತ್ತೆ. ಚಿಕ್ಕಪ್ಪನೂ ಅಂತಾರೆ." ಅವಳ ದನಿ ಸಣ್ಣಗಾಗಿತ್ತು. ತರಚಿದ ಗೆಣ್ಣುಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಪಾನಾ ಎತ್ತಿದಳು.

"ಬೇಡ," ಅವನೆಂದ. ಜೇಬಿಗೆ ಕೈ ಹಾಕಿದ.

ಅವಳು ಬೋಲ್ಟನ್ನು ಬೆಳಕಿಗೆ ಹಿಡಿದು ನೋಡಿದಳು. ಸವೆದ ತಲೆ. ಉಳಿಯ ಗಾಯ. ಅನುಮಾನವೇ ಇರಲಿಲ್ಲ.

"ಅರ್ಧ ಗಂಟೆಯಿಂದ ನನ್ನನ್ನ ನೆಲದ ಮೇಲೆ ಹೊರಳಾಡಿಸ್ತಿದ್ದೀಯಾ? ಪಕ್ಕದಲ್ಲೇ ಟಾರ್ಚ್ ಹಿಡ್ಕೊಂಡು?"

"ತಪ್ಪಾಯ್ತು."

"ಅದು ಆಮೇಲೆ. ಯಾಕೆ ತಗೊಂಡೆ? ಇದನ್ನ ನೋಡಿದ್ರೆ ಗುಜರಿಯವನೂ ಮೂಗು ಮುರೀತಾನೆ."

"ಸೋಮವಾರದಿಂದ ನಾನು ಬರಲ್ಲ. ಬೇರೆ ಊರಿನ ಡಿಪೋದಲ್ಲಿ ಕೆಲಸ ಸಿಕ್ಕಿದೆ."

"ಅದಕ್ಕೂ ಬೋಲ್ಟ್‌ಗೂ ಏನು ಸಂಬಂಧ?"

"ನೀನು ಕೊಟ್ಟದ್ದು ಏನಾದ್ರೂ ಒಂದು ಜೊತೆಗಿರಲಿ ಅಂತ."

ಮೂಲೆಯ ಕಂಪ್ರೆಸರ್ ಗಕ್ಕನೆ ನಿಂತಿತು. ಅವನು ಬೈಗುಳಕ್ಕೆ ಕಾದ. ಅವಳ ಮುಖ ಕೆಂಪಾಯಿತು.

"ನಾನೇ ಎದುರಿಗೆ ನಿಂತಿದ್ದೀನಿ. ನೀನು ಬೋಲ್ಟ್ ಕದೀತೀಯಾ?"

"ಹೇಳಿದ್ರೆ ಡಿಪ್‌ಸ್ಟಿಕ್ ಒರೆಸ್ತೀಯ ಅಂತ ಹೆದರಿದ್ದೆ."

"ಅವನು ಹಾಳೆ ಕೊಟ್ಟ, ಒರೆಸ್ದೆ. ನೀನೇನು ಕೊಟ್ಟಿದ್ದೆ, ಒರೆಸೋಕೆ?"

ಬೋಲ್ಟನ್ನು ಟ್ರೇಗೆ ಎಸೆದಳು. ಜಾಕ್ ಇಳಿಸಿದಳು. ಡ್ರೈವರ್ ಸೀಟಿನಲ್ಲಿ ಕುಳಿತು, ಗಾಡಿ ಹತ್ತು ಎಂದು ಕಣ್ಣಲ್ಲೇ ಹೇಳಿದಳು. ಅವನು ಪಕ್ಕದಲ್ಲಿ ಕುಳಿತ.

ಇಂಜಿನ್ ಸ್ಟಾರ್ಟ್ ಆಯಿತು. ಅವಳು ಕ್ಲಚ್ ಒತ್ತಿ ಗೇರ್ ಹಾಕಿ, ಮೆಲ್ಲಗೆ ಬಿಟ್ಟಳು. ಕಾರು ಎರಡು ಸಲ ಜಗ್ಗಿ ಆಫ್ ಆಯಿತು.

ಮತ್ತೆ ಸ್ಟಾರ್ಟ್. ಮತ್ತೆ ಅದೇ. ಅವನು ಅವಳತ್ತ ತಿರುಗಿದ.

"ಪ್ಲೇಟಿಗೆ ಗ್ರೀಸ್ ಏನಾದ್ರೂ ತಾಗಿತಾ? ನಾನೇ ಮುಟ್ಟಿದ್ನಾ?"

"ಕ್ಲಚ್ ಚೆನ್ನಾಗಿದೆ." ಅವಳು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ನೇರ ಮುಂದೆ ನೋಡುತ್ತಿದ್ದಳು.

"ಮತ್ತೆ?"

"ನನ್ನ ಕಾಲು ನಡುಗ್ತಿದೆ ಕಣೋ."

ಅವನು ಬಗ್ಗಿ ನೋಡಿದ. ಪೆಡಲಿನ ಮೇಲೆ ಅವಳ ಎಡಗಾಲು ನಿಜವಾಗಿಯೂ ನಡುಗುತ್ತಿತ್ತು.

"ಏನ್ ನೋಡ್ತೀಯ? ಇಳಿದು ಈ ಕಡೆ ಬಾ. ನೀನೇ ಓಡಿಸು."

ಇಬ್ಬರೂ ಇಳಿದರು. ಬಾನೆಟ್ಟಿನ ಮುಂದೆ ಎದುರಾದಾಗ ಅವಳು ದಾರಿ ಬಿಡಲಿಲ್ಲ.

"ಡಿಪೋದಲ್ಲಿ ವಾರದ ರಜೆ ಯಾವತ್ತು?"

"ಭಾನುವಾರ."

"ಗೇರ್‌ಬಾಕ್ಸ್ ಕೆಲಸ ಎಲ್ಲ ಭಾನುವಾರಕ್ಕೇ ಇಟ್ಕೋತೀನಿ. ಒಂದು ವಾರ ತಪ್ಪಿಸ್ಕೊಂಡ್ರೂ ಡಿಪೋಗೇ ಬಂದು ಮಾನ ಕಳೀತೀನಿ."

ಅವನು ಹೂಂ ಎಂದ. ಸೀಟಿಗೆ ಕುಳಿತು ಕ್ಲಚ್ ಒತ್ತಿ, ಗೇರ್ ಹಾಕಿ, ಕಾಲು ಸಡಿಲಿಸಿದ. ಕಾರು ಕುಪ್ಪಳಿಸಿ ಆಫ್ ಆಯಿತು.

ಗೇಟಿನ ಬಳಿ ಟ್ಯಾಕ್ಸಿ ಅಣ್ಣ ಎದ್ದು ನಿಂತ.

"ಇಬ್ಬರಲ್ಲಿ ಒಬ್ಬರಿಗಾದ್ರೂ ಗಾಡಿ ಓಡಿಸೋಕೆ ಬರುತ್ತೇನ್ರೋ? ಇಲ್ಲ, ನಾನೇ ಬರ್ಲಾ?"